ಶಾಕುಡೊ ಒಡವೆ: ಆ ಕಪ್ಪಿನ ಹಿನ್ನೆಲೆ

ಕಪ್ಪು ನೆಲದ ಮೇಲೆ ಚಿನ್ನದ ಗೆರೆ ಕಂಡರೆ ಸಾಕು, ಹಳೆಯ ಜಪಾನಿ ಬ್ರೂಚು, ಕಫ್‌ಲಿಂಕುಗಳಿಗೆಲ್ಲ ಮಾರುಕಟ್ಟೆಯಲ್ಲಿ ಶಾಕುಡೊ (ಚಿನ್ನ ಬೆರೆಸಿ, ಕಪ್ಪು ಬರಿಸಿದ ತಾಮ್ರ) ಎಂಬ ಹಣೆಪಟ್ಟಿ ಬೀಳುತ್ತದೆ. ಅವುಗಳಲ್ಲಿ ಬಹಳಷ್ಟು ಶಾಕುಡೊ ಅಲ್ಲವೇ ಅಲ್ಲ.

15ನೇ ಶತಮಾನದಿಂದ ಜಪಾನಿನ ಗೋತೊ ಮನೆತನದವರು ಈ ಲೋಹದಲ್ಲಿ ಕತ್ತಿಯ ಅಲಂಕಾರಗಳನ್ನು ಮಾಡುತ್ತಿದ್ದರು. 1876ರಲ್ಲಿ ಮೇಯ್ಜಿ ಸರ್ಕಾರ ಸೈನಿಕರು, ಪೊಲೀಸರನ್ನು ಬಿಟ್ಟು ಉಳಿದವರು ಕತ್ತಿ ಧರಿಸುವುದನ್ನು ನಿಷೇಧಿಸಿತು. ಕತ್ತಿಯ ಅಲಂಕಾರ ಕೆತ್ತುತ್ತಿದ್ದ ಕಾನೊ ನತ್ಸುವೊ ಅವರಂಥವರಿಗೆ ಅದಕ್ಕೂ ಮೊದಲೇ ನಾಣ್ಯದ ಕೆಲಸ ಸಿಕ್ಕಿತ್ತು, ಮುಂದೆ ಟೋಕಿಯೊ ಕಲಾಶಾಲೆಯ ಹುದ್ದೆಯೂ ದಕ್ಕಿತು. ಉಳಿದವರಲ್ಲಿ ಅನೇಕರು ವಿದೇಶಿ ಗಿರಾಕಿಗಳಿಗಾಗಿ ಹೂದಾನಿ, ಗುಂಡಿ, ಬ್ರೂಚು ಮಾಡತೊಡಗಿದರು.

ತಾಮ್ರಕ್ಕೆ ಶೇ 3ರಿಂದ 5ರಷ್ಟು ಚಿನ್ನ ಬೆರೆಸಿದರೆ ಶಾಕುಡೊ. ಕೆತ್ತನೆ ಮುಗಿಯುವವರೆಗೂ ಶಾಕುಡೊ ಬರೀ ತಾಮ್ರದಂತೆಯೇ ಇರುತ್ತದೆ. ಕಪ್ಪು ಬರುವುದು ಪಾತ್ರೆಯಲ್ಲಿ. ಲೀಟರ್ ನೀರಿಗೆ ನಾಲ್ಕೈದು ಗ್ರಾಂ ರೊಕುಶೊ (ತಾಮ್ರದ ಹಸಿರು ಲವಣ), ಅಷ್ಟೇ ಮೈಲುತುತ್ತ ಹಾಕಿ ತಾಮ್ರದ ಪಾತ್ರೆಯಲ್ಲಿ ಕುದಿಸಬೇಕು. ಒಡವೆಯನ್ನು ಇದ್ದಿಲ ಪುಡಿಯಿಂದ ಉಜ್ಜಿ ಜಿಡ್ಡು ತೆಗೆದು, ತುರಿದ ಮೂಲಂಗಿಯ ರಸದಲ್ಲಿ ಅದ್ದಿ, ಒಣಗಲು ಬಿಡದೆ ಕುದಿನೀರಿಗೆ ಇಳಿಸುತ್ತಾರೆ. ನಂತರ ಆಡಿಸುತ್ತಲೇ ಇರಬೇಕು. ಬೆರಳು ತಾಕಿದ ಜಾಗ ಮಚ್ಚೆಯಾಗುತ್ತದೆ, ಅಲ್ಲಾಡದೆ ಕೂತರೆ ಪಟ್ಟೆ ಬೀಳುತ್ತದೆ. ಸರಿಬಂದರೆ ನೇರಳೆ ಛಾಯೆಯ ಕಪ್ಪು. ಅದೇ ನೀರಿನಲ್ಲಿ ಮುಳುಗೆದ್ದ ಚಿನ್ನದ ಗೆರೆಗೆ ಏನೂ ಆಗುವುದಿಲ್ಲ.

ಕ್ಯೋಟೊದ ಕೊಮಾಯ್ ಮನೆತನ ಹೆಸರು ಮಾಡಿದ ಕೆಲಸ ಬೇರೆಯೇ. ಕಬ್ಬಿಣದ ತಗಡಿನ ಮೇಲೆ ಬಟ್ಟೆಯ ನೇಯ್ಗೆಯಂತೆ ಗೀರುಗಳನ್ನು ಎಳೆದು, ಚಿನ್ನದ ಹಾಳೆಯನ್ನು ಅದರೊಳಗೆ ಬಡಿದು, ನೆಲಕ್ಕೆ ತುಕ್ಕು ಹಿಡಿಸಿ, ಮೆರುಗೆಣ್ಣೆಯಿಂದ ಕಪ್ಪಾಗಿಸುತ್ತಾರೆ. 20ನೇ ಶತಮಾನದಲ್ಲಿ ಪ್ರವಾಸಿಗರು ಕೊಂಡೊಯ್ದ ಒಡವೆಗಳಲ್ಲಿ ಇದೇ ಹೆಚ್ಚು. ಕೆಲಸದಲ್ಲಿ ಕೊರತೆಯೇನಿಲ್ಲ, ಶಾಕುಡೊ ಬೆಲೆ ಹೇಳಿದಾಗಷ್ಟೇ ತಕರಾರು. ಕಪ್ಪು ನೆಲ ಅಯಸ್ಕಾಂತಕ್ಕೆ ಅಂಟಿದರೆ ಅದು ಶಾಕುಡೊ ಅಲ್ಲ. ಅಂಟದಿದ್ದರೂ ಖಾತ್ರಿಯಿಲ್ಲ: ಹಿತ್ತಾಳೆಗೂ ಕಪ್ಪು ಬಳಿದಿರಬಹುದು.

ಮಾರುವ ಮುನ್ನ ಒಮ್ಮೆ ಪಾಲಿಶ್ ಹೊಡೆಯುವ ರೂಢಿಯಿಂದ ಆಗಿರುವ ನಷ್ಟಕ್ಕೆ ಲೆಕ್ಕವಿಲ್ಲ. ಶಾಕುಡೊದ ಬಣ್ಣದ ಪದರ ಬಲು ತೆಳು. ಬೆಳ್ಳಿ ಉಜ್ಜುವ ಪೇಸ್ಟು ತಾಗಿದರೆ ಕೆಳಗಿನ ಕೆಂಪು ಇಣುಕುತ್ತದೆ. ಮತ್ತೆ ಕುದಿಸಬಹುದು, ಆದರೆ ಇಡೀ ಒಡವೆಯನ್ನು. ಮುತ್ತು ಕೂರಿಸಿದ್ದರೆ ಬಿಚ್ಚಬೇಕು, ಹಿಂದಿನ ಪಿನ್ನಿಗೆ ಯಾರೋ ಹಾಕಿದ ತವರದ ಬೆಸುಗೆಯನ್ನು ಪೂರ್ತಿ ಕೆರೆದು ತೆಗೆಯಬೇಕು. ತವರ ಉಳಿದ ಜಾಗ ಬಣ್ಣ ಹಿಡಿಯುವುದಿಲ್ಲ.