ಮೊದಲು ಕರೆ, ಆಮೇಲೆ ಕೊಡ

ಸುಗ್ಗಿ ಮುಗಿದ ಮೇಲೆ ಹಾವೇರಿ ಜಿಲ್ಲೆಯ ಊರುಗಳಲ್ಲಿ ಮೇವಿನ ಬಣವೆಗಳು ಮನೆಗಿಂತ ಎತ್ತರಕ್ಕೆ ಏಳುತ್ತವೆ. ಅಲ್ಲಿಂದ ಮುಂಗಾರಿನ ತನಕ ನಮ್ಮ ಅಗ್ನಿಶಾಮಕ ಠಾಣೆಗೆ ಬಣವೆ ಬೆಂಕಿಯ ಕರೆಗಳು ಬರುತ್ತಲೇ ಇರುತ್ತವೆ. ಈ ಕರೆಗಳಲ್ಲಿ ನನ್ನನ್ನು ಕಾಡುವುದು ತಡ. ಊರವರು ಮೊದಲು ಕೊಡ ಹಿಡಿದು ಓಡುತ್ತಾರೆ, ಕೈಮೀರಿದ ಮೇಲೆ ಫೋನ್ ಮಾಡುತ್ತಾರೆ. ನೀರು ತುಂಬಿದ ಭಾರದ ವಾಹನ ಹಾನಗಲ್ಲಿನಿಂದಲೋ ಹಿರೇಕೆರೂರಿನಿಂದಲೋ ಹಳ್ಳಿಯ ದಾರಿ ಹಿಡಿದು ಬರಬೇಕು. ಹೊಗೆ ಕಂಡ ಕೂಡಲೇ 112ಕ್ಕೋ 101ಕ್ಕೋ ಕರೆ ಮಾಡಿ. ಬೆಂಕಿ ತಾನೇ ಆರಿದರೆ ಇನ್ನೊಮ್ಮೆ ತಿಳಿಸಿ. ಅರ್ಧ ದಾರಿಯಿಂದ ಹಿಂದಿರುಗಲು ನಮಗೆ ಬೇಸರವಿಲ್ಲ.

ಕರೆ ಸ್ವೀಕರಿಸುವವರು ದೂರದ ನಿಯಂತ್ರಣ ಕೊಠಡಿಯಲ್ಲಿರಬಹುದು. ಗೌಡರ ಹಿತ್ತಲು ಎಂದರೆ ಅವರಿಗೆ ತಿಳಿಯುವುದಿಲ್ಲ. ಊರಿನ ಜೊತೆಗೆ ತಾಲ್ಲೂಕನ್ನೂ ಹೇಳಿ. ಒಂದೇ ಹೆಸರಿನ ಊರುಗಳು ಈ ಸೀಮೆಯಲ್ಲಿ ಹಲವಿವೆ. ಬೈಕ್ ಇರುವ ಒಬ್ಬರು ಮುಖ್ಯರಸ್ತೆಯ ತಿರುವಿಗೆ ಬಂದು ನಿಲ್ಲಲಿ.

ಬಣವೆಯ ಬೆಂಕಿ ಮೊಂಡು. ಒತ್ತಿ ಒಟ್ಟಿದ ಮೇವಿನೊಳಗೆ ನೀರು ಇಳಿಯುವುದಿಲ್ಲ. ಹೊರಮೈ ತೊಯ್ದು ಹರಿದುಹೋಗುತ್ತದೆ, ಒಳಗೆ ಕೆಂಡ ಉಳಿಯುತ್ತದೆ. ಸಾಮಾನ್ಯ ಅಗ್ನಿಶಾಮಕ ವಾಹನದಲ್ಲಿರುವ ಸುಮಾರು 4,500 ಲೀಟರ್ ನೀರು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದ್ದರಿಂದ ಬಣವೆಯನ್ನು ಎಳೆದು ಹರವಿಯೇ ಆರಿಸಬೇಕು. ಆದರೆ ನೀರಿನ ಪೈಪ್ ಸಿದ್ಧವಾಗುವ ಮೊದಲೇ ಎಳೆದರೆ ಒಳಗೆ ಗಾಳಿ ಹೊಕ್ಕು ಬೆಂಕಿ ಭುಗಿಲೇಳುತ್ತದೆ. ಹುರುಪಿನ ಹುಡುಗರು ಮಾಡುವುದು ಇದನ್ನೇ. ನಾವು ಬರುವ ತನಕ ಉರಿಯುವ ಬಣವೆಯನ್ನು ಬಿಟ್ಟು, ಪಕ್ಕದ ಬಣವೆಯನ್ನೂ ಕೊಟ್ಟಿಗೆಯ ಮಾಡನ್ನೂ ತೋಯಿಸಿ. ಟ್ರ್ಯಾಕ್ಟರ್ ಇದ್ದರೆ ಸುತ್ತಲಿನ ಒಣ ಕೂಳೆಯ ಹೊಲಕ್ಕೆ ರಂಟೆ ಹೊಡೆಯಿರಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಹೆಸ್ಕಾಂಗೆ ಹೇಳಿ ಲೈನ್ ತೆಗೆಸದೆ ನೀರು ಎರಚಲೇಬೇಡಿ. ಆಗ ಪಂಪ್‌ಸೆಟ್ ಕೂಡ ನಿಲ್ಲುತ್ತದೆ, ಹಾಗಾಗಿ ಟ್ಯಾಂಕರ್ ಇರುವವರಿಗೆ ಮೊದಲೇ ಹೇಳಿ ಕಳುಹಿಸಿ. ಅರೆಬೆಂದ ಮೇವನ್ನು ಅಂದೇ ಮತ್ತೆ ಒಟ್ಟಬಾರದು. ಮಾರನೆಯ ದಿನ ಅಲ್ಲಿಂದಲೇ ಹೊಗೆ ಏಳುತ್ತದೆ.

ಇಂಥ ಬೆಂಕಿಯಲ್ಲಿ ಸುಟ್ಟುಕೊಳ್ಳುವವರು ಹೆಚ್ಚಾಗಿ ದನ ಬಿಚ್ಚಲು ಒಳಹೋದವರು. ಎತ್ತನ್ನು ಉರಿಯಲ್ಲಿ ಬಿಟ್ಟು ಬರಲು ರೈತನಿಗೆ ಮನಸ್ಸಾಗುವುದಿಲ್ಲ, ಆ ಸಂಕಟ ನನಗೆ ಗೊತ್ತು. ಹಗ್ಗ ಬಿಚ್ಚುತ್ತ ನಿಲ್ಲದೆ ಕುಡಗೋಲಿನಿಂದ ಕೊಯ್ದು ಹೊರಬನ್ನಿ. ಮಾಡಿಗೆ ಬೆಂಕಿ ಹತ್ತಿದ್ದರೆ ಒಳಗೆ ಹೋಗಲೇಬೇಡಿ. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣನೆಯ ನೀರು ಹರಿಯಲಿ. ಊತ ಬರುವ ಮೊದಲು ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಟೂತ್‌ಪೇಸ್ಟ್, ಇಂಕು, ಎಣ್ಣೆ ಯಾವುದೂ ಬೇಡ. ಈ ನಡುವೆ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮೈಮೇಲೆ ಗಾಯವೇ ಇಲ್ಲದಿದ್ದರೂ ದನಿ ಒಡೆದಿದ್ದರೆ, ಮೂಗಿನ ಕೂದಲು ಕಮರಿದ್ದರೆ, ಉಗುಳಿನಲ್ಲಿ ಮಸಿ ಕಂಡರೆ ಆ ವ್ಯಕ್ತಿಯನ್ನು ಮನೆಯಲ್ಲಿ ಮಲಗಿಸಬೇಡಿ. ಕೆಲವು ಗಂಟೆಗಳ ನಂತರವೂ ಗಂಟಲು ಬಾತು ಉಸಿರು ಕಟ್ಟಬಹುದು. ಅವರನ್ನೇ ಮೊದಲು ಆಂಬುಲೆನ್ಸ್ ಹತ್ತಿಸಿ.