ಹಳೇ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿದರೆ ಸಾಕಾ, ಹೊಸದೇ ತಗೋಬೇಕಾ?

ಪ್ರಶ್ನೆ: ನಮ್ಮ ಮನೆಯಲ್ಲಿ 2014ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ನಾಲ್ಕನೇ ಜನರೇಶನ್ ಐ3, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಬ್ರೌಸರ್ ತೆರೆಯುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ಅಂಗಡಿಯವರು ಎಸ್‌ಎಸ್‌ಡಿ ಹಾಕಿಸಿ ಅಂತಾರೆ, ಅಣ್ಣನ ಮಗ ಎನ್‌ವಿಎಂಇನೇ ತಗೊಳ್ಳಿ ಅಂತಾನೆ. ಯಾವುದು ಸರಿ? ಇಷ್ಟು ಹಳೇ ಮಷಿನ್‌ಗೆ ದುಡ್ಡು ಹಾಕುವುದು ದಂಡವಾ?

ಉತ್ತರ: ದಂಡ ಅಲ್ಲ. ಎಸ್‌ಎಸ್‌ಡಿ ಅಂದರೆ ಹಾರ್ಡ್‌ಡಿಸ್ಕ್ ಬದಲು ಹಾಕುವ, ಚಿಪ್‌ಗಳಲ್ಲೇ ಡೇಟಾ ಇಡುವ ಡ್ರೈವ್. ಎನ್‌ವಿಎಂಇ ಅದರದ್ದೇ ಇನ್ನೂ ವೇಗದ ನಮೂನೆ. ಆದರೆ ದುಡ್ಡು ಕೊಡುವ ಮುಂಚೆ ಐದು ನಿಮಿಷದ ಒಂದು ಕೆಲಸ ಮಾಡಿ. ಕಂಪ್ಯೂಟರ್ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ (ಅದು ಬರಲಿಕ್ಕೂ ಕಾಯಬೇಕಾಗಬಹುದು, ಇರಲಿ). ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ, ಸುಮ್ನೆ ನೋಡ್ತಾ ಇರಿ.

ನಿಮ್ಮಂಥ ಮಷಿನ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ. ಆಕ್ಟಿವ್ ಟೈಮ್ 100 ಪರ್ಸೆಂಟ್‌ಗೆ ಹೋಗಿ ಅಂಟಿಕೊಂಡಿರುತ್ತದೆ. ಆದರೆ ಕೆಳಗೆ ರೀಡ್ ಸ್ಪೀಡ್ ನೋಡಿದರೆ ಸೆಕೆಂಡಿಗೆ ಒಂದೋ ಎರಡೋ ಎಂಬಿ. ಪಕ್ಕದಲ್ಲಿ ಆವರೇಜ್ ರೆಸ್ಪಾನ್ಸ್ ಟೈಮ್ ಅಂತ ಇರುತ್ತದಲ್ಲ, ಅದು ನೂರಾರು ಮಿಲಿಸೆಕೆಂಡ್ ತೋರಿಸುತ್ತದೆ. ಅದೇ ಹೊತ್ತಿಗೆ ಸಿಪಿಯು ಗ್ರಾಫ್ ನೋಡಿ, ಹತ್ತಿಪ್ಪತ್ತು ಪರ್ಸೆಂಟ್ ಅಷ್ಟೇ. ಅಂದರೆ ನೀವು ಬೈಯುತ್ತಿರುವ ಆ ಐ3 ಪಾಪ ಏನೂ ತಪ್ಪು ಮಾಡಿಲ್ಲ, ಡಿಸ್ಕ್ ಯಾವಾಗ ಕೊಡುತ್ತೋ ಅಂತ ಕಾಯುತ್ತಾ ಕೂತಿದೆ. ಹೀಗೆ ಕಂಡರೆ ಕಣ್ಣು ಮುಚ್ಚಿ ಎಸ್‌ಎಸ್‌ಡಿ ಹಾಕಿಸಿ. ಡಿಸ್ಕ್ ಆರಾಮಾಗಿದ್ದು ಸಿಪಿಯು 100ಕ್ಕೆ ಏರಿದ್ದರೆ ಕಥೆ ಬೇರೆ. ವೈರಸ್ ಇರಬಹುದು, ಫ್ಯಾನ್‌ನಲ್ಲಿ ಧೂಳು ಕಟ್ಟಿ ಪ್ರೊಸೆಸರ್ ಬಿಸಿಯಾಗಿ ನಿಧಾನ ಆಗಿರಬಹುದು. ಅದಕ್ಕೆ ಎಸ್‌ಎಸ್‌ಡಿ ಮದ್ದಲ್ಲ.

100 ಪರ್ಸೆಂಟ್ ಬ್ಯುಸಿ, ಆದರೆ ಬರೀ 1 ಎಂಬಿ ಕೆಲಸ. ಯಾಕೆ ಹೀಗೆ? ಡೆಸ್ಕ್‌ಟಾಪ್ ಹಾರ್ಡ್‌ಡಿಸ್ಕ್‌ನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸಲ ತಿರುಗುತ್ತದೆ, ಅಂದರೆ ಸೆಕೆಂಡಿಗೆ 120 ಸುತ್ತು. ಬೇಕಾದ ಜಾಗ ಓದುವ ಹೆಡ್ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು ಬೇಕು, ಅದು 4 ಮಿಲಿಸೆಕೆಂಡ್ ಚಿಲ್ಲರೆ. ಹೆಡ್ ಅಲ್ಲಿಗೆ ಸರಿಯುವುದಕ್ಕೆ ಇನ್ನೊಂದು 8-9 ಮಿಲಿಸೆಕೆಂಡ್. ಲೆಕ್ಕ ಹಾಕಿದರೆ ಒಂದು ಸೆಕೆಂಡಿನಲ್ಲಿ ಅದು ಎಪ್ಪತ್ತೆಂಬತ್ತು ಕಡೆ ಹೋಗಿ ಓದಿ ಬರಬಹುದು, ಅಷ್ಟೇ ಅದರ ತಾಕತ್ತು. ದೊಡ್ಡ ಸಿನಿಮಾ ಫೈಲ್ ಒಂದೇ ಸಾಲಿನಲ್ಲಿದ್ದರೆ ಸೆಕೆಂಡಿಗೆ 100 ಎಂಬಿಗಿಂತ ಜಾಸ್ತಿನೇ ಓದುತ್ತದೆ. ಆದರೆ ವಿಂಡೋಸ್ ಶುರುವಾಗುವಾಗ, ಆಂಟಿವೈರಸ್ ಏಳುವಾಗ, ಬ್ರೌಸರ್ ತೆರೆಯುವಾಗ ಬೇಕಾಗುವುದು ಅಲ್ಲಲ್ಲಿ ಚೆಲ್ಲಿರುವ ಸಾವಿರಾರು ಪುಟಾಣಿ ಫೈಲ್. ಪಟ್ಟಿಯಲ್ಲಿರುವ ಒಂದೊಂದೇ ಸಾಮಾನಿಗೆ ಮನೆಯಿಂದ ಅಂಗಡಿಗೆ ಹೋಗಿ ಬಂದ ಹಾಗೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಹೆಡ್ಡೂ ಇಲ್ಲ. ಒಂದು ಓದಿಗೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೋ ಅದಕ್ಕಿಂತ ಕಡಿಮೆಯೋ ಸಾಕು. ನಿಮಗೆ ಗೊತ್ತಾಗುವ ವ್ಯತ್ಯಾಸ ಪೂರ್ತಿ ಇಲ್ಲೇ ಇದೆ, ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಎಂಬಿ ಲೆಕ್ಕದಲ್ಲಿ ಅಲ್ಲ.

ಈಗ ಅಣ್ಣನ ಮಗನ ಮಾತು. ಅವನು ಹೇಳುವ ನಂಬರ್ ನಿಜವೇ. ಸಾಟಾ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್‌ನ ಹಾಗೇ ಕೇಬಲ್‌ನಲ್ಲಿ ಜೋಡಿಸುವ ನಮೂನೆ) ಸೆಕೆಂಡಿಗೆ 550 ಎಂಬಿ ಆಸುಪಾಸಿಗೆ ನಿಲ್ಲುತ್ತದೆ, ಎನ್‌ವಿಎಂಇ 3,500 ದಾಟುವುದೂ ಇದೆ. ಆದರೆ ನಿಮ್ಮ ಎಚ್81 ಬೋರ್ಡ್‌ನಲ್ಲಿ ಎಂ.2 ಸ್ಲಾಟ್ (ಎನ್‌ವಿಎಂಇ ಕೂರಿಸುವ ಜಾಗ) ಇರುವುದು ಕಷ್ಟ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಹಾಕುವ ಅಡಾಪ್ಟರ್ ಸಿಗುತ್ತದೆ, ಹಾಕಿದರೆ ವಿಂಡೋಸ್ ಒಳಗೆ ಡ್ರೈವ್ ಕಾಣುತ್ತದೆ ಕೂಡ. ಆದರೆ ಆ ಕಾಲದ ಬಯಾಸ್‌ಗೆ (ಆನ್ ಮಾಡಿದಾಗ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಸಾಮಾನ್ಯವಾಗಿ ಎನ್‌ವಿಎಂಇಯಿಂದ ಬೂಟ್ ಮಾಡುವುದು, ಅಂದರೆ ವಿಂಡೋಸ್ ಶುರು ಮಾಡುವುದು, ಗೊತ್ತಿಲ್ಲ. ಬೂಟ್ ಆಗದ ಬೂಟ್ ಡ್ರೈವ್ ತಗೊಂಡು ಏನು ಮಾಡ್ತೀರಿ? ಬಯಾಸ್ ತಿದ್ದಿ ಮಾಡುವವರಿದ್ದಾರೆ, ಅದು ಹವ್ಯಾಸಿಗಳ ಆಟ, ಮನೆಯವರೆಲ್ಲ ಬಳಸುವ ಮಷಿನ್‌ನಲ್ಲಿ ಬೇಡ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಳ್ಳಿ. ದಿನನಿತ್ಯದ ಕೆಲಸದಲ್ಲಿ ಇವೆರಡರ ಮಧ್ಯೆ ವ್ಯತ್ಯಾಸ ಹುಡುಕಬೇಕು, ಹಾರ್ಡ್‌ಡಿಸ್ಕ್‌ಗೂ ಇದಕ್ಕೂ ಇರುವ ವ್ಯತ್ಯಾಸ ಮಾತ್ರ ಮೊದಲ ದಿನವೇ ಗೊತ್ತಾಗುತ್ತದೆ.

ಎಚ್81ರಲ್ಲಿ ಇನ್ನೊಂದು ವಿಷಯ ಇದೆ. ಅದರ ನಾಲ್ಕು ಸಾಟಾ ಪೋರ್ಟ್‌ಗಳಲ್ಲಿ ಎರಡು ಮಾತ್ರ 6 ಗಿಗಾಬಿಟ್, ಉಳಿದೆರಡು 3 ಗಿಗಾಬಿಟ್. ಪೋರ್ಟ್ ಪಕ್ಕದಲ್ಲಿ ಬೋರ್ಡ್ ಮೇಲೇ ಸಣ್ಣದಾಗಿ ಬರೆದಿರುತ್ತದೆ, ಟಾರ್ಚ್ ಹಾಕಿ ನೋಡಿ ವೇಗದ ಪೋರ್ಟ್‌ಗೇ ಹಾಕಿಸಿ. ಇದಕ್ಕಿಂತ ಹಳೇ ಎಚ್61 ಬೋರ್ಡ್ ಇರುವವರಿಗೆ ಇರುವುದೆಲ್ಲ 3 ಗಿಗಾಬಿಟ್ ಪೋರ್ಟೇ. ಅವರೂ ಬೇಜಾರು ಮಾಡಿಕೊಳ್ಳುವುದು ಬೇಡ. ಅಲ್ಲಿ ಟಾಪ್ ಸ್ಪೀಡ್ ಅರ್ಧಕ್ಕೆ ಇಳಿದರೂ ಕಾಯುವ ಸಮಯ ಹೆಚ್ಚುಕಡಿಮೆ ಅಷ್ಟೇ ಕಡಿಮೆ ಆಗುತ್ತದೆ.

ಸೈಜ್ ಎಷ್ಟು? ಹಳೇ ಹಾರ್ಡ್‌ಡಿಸ್ಕ್ ಡಿ ಡ್ರೈವ್ ಆಗಿ ಉಳಿಯುತ್ತದಲ್ಲ, ಹಾಗಾಗಿ 240 ಅಥವಾ 256 ಜಿಬಿ ಸಾಕು. 120 ಬೇಡ, ವಿಂಡೋಸ್ ಅಪ್‌ಡೇಟ್‌ಗಳೇ ಅದನ್ನು ತುಂಬಿಸಿಬಿಡುತ್ತವೆ, ತುಂಬಿದ ಎಸ್‌ಎಸ್‌ಡಿ ನಿಧಾನವೂ ಆಗುತ್ತದೆ. ಬರೆದು ಬರೆದು ಸವೆದು ಹೋಗುತ್ತದೆ ಅನ್ನುವ ಭಯ ಕೆಲವರಿಗಿದೆ. ಕಡಿಮೆ ಬೆಲೆಯ 240 ಜಿಬಿ ಡ್ರೈವ್‌ಗಳಿಗೂ ಕಂಪನಿಗಳು 80 ಟೆರಾಬೈಟ್ ಬರೆಯುವವರೆಗೆ ಅಂತ ಮಿತಿ ಕೊಡುವುದುಂಟು. ದಿನಕ್ಕೆ 20 ಜಿಬಿ ಬರೆದರೂ ಅದು 4,000 ದಿನ ಆಯಿತು, ಹತ್ತಿರ ಹತ್ತಿರ 11 ವರ್ಷ. ಅಷ್ಟರೊಳಗೆ ನಿಮ್ಮ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬ) ಹೋಗಿರುತ್ತದೆ ಬಿಡಿ.

ಎಲ್ಲಿ ತಗೊಂಡರೂ, ಬೆಂಗಳೂರಿನ ಎಸ್.ಪಿ. ರೋಡಾಗಲಿ ಊರಿನ ಅಂಗಡಿಯಾಗಲಿ, ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ. ಗುರುತೇ ಇಲ್ಲದ ಹೆಸರಿನ 2 ಟಿಬಿ ಡ್ರೈವ್ ನಂಬಲಾಗದ ರೇಟಿಗೆ ಕಂಡರೆ ನಂಬಬೇಡಿ. ಅಂಥವುಗಳ ಒಳಗೆ ಮೆಮೊರಿ ಕಾರ್ಡ್ ಅಂಟಿಸಿ, ಸಾಫ್ಟ್‌ವೇರ್‌ನಲ್ಲಿ ಸುಳ್ಳು ಸೈಜ್ ತೋರಿಸುವ ಮಾಲು ಇರುತ್ತದೆ. ಸ್ವಲ್ಪ ದಿನ ಚೆನ್ನಾಗೇ ಇರುತ್ತದೆ, ತುಂಬಿದ ಮೇಲೆ ಫೋಟೊಗಳು ತೆರೆಯುವುದೇ ಇಲ್ಲ.

ಹಾಕುವುದು ದೊಡ್ಡ ಕೆಲಸವಲ್ಲ. ಪವರ್ ಕೇಬಲ್ ತೆಗೆದು, ಪಕ್ಕದ ಬಾಗಿಲು ಬಿಚ್ಚಿ, ಒಂದು ಡೇಟಾ ಕೇಬಲ್, ಒಂದು ಪವರ್ ಕನೆಕ್ಟರ್. ಡ್ರೈವ್ ಜೊತೆ ಸಾಮಾನ್ಯವಾಗಿ ಡೇಟಾ ಕೇಬಲ್ ಬರುವುದಿಲ್ಲ, ಬೇರೆ ತಗೋಬೇಕು. ಕೂರಿಸಲು ಬ್ರಾಕೆಟ್ ಇಲ್ಲದಿದ್ದರೆ ಡಬಲ್ ಟೇಪ್ ಹಾಕಿ ಅಂಟಿಸಿದರೂ ನಡೆಯುತ್ತದೆ, ಒಳಗೆ ಅಲ್ಲಾಡುವುದು ಏನೂ ಇಲ್ಲ. ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಖಾಲಿ ಇಲ್ಲ ಅಂತ ಮೋಲೆಕ್ಸ್ ಕನ್ವರ್ಟರ್ (ಹಳೇ ನಾಲ್ಕು ಪಿನ್ನಿನ ಪವರ್ ಕನೆಕ್ಟರ್‌ನಿಂದ ಸಾಟಾ ಪವರ್ ಕೊಡುವ ತುಂಡು ಕೇಬಲ್) ಹಾಕುತ್ತಾರೆ. ಅದರಲ್ಲಿ ಪ್ಲಾಸ್ಟಿಕ್ ಕರಗಿಸಿ ಅಚ್ಚು ಹೊಯ್ದ ಅಗ್ಗದ ನಮೂನೆ ಬೇಡ, ಒಳಗೆ ವೈರ್ ಶಾರ್ಟ್ ಆಗಿ ಕನೆಕ್ಟರ್ ಸುಟ್ಟುಹೋಗುವುದಿದೆ. ಒಂದೊಂದು ವೈರೂ ಬೇರೆ ಬೇರೆ ಕಾಣುವ, ಒತ್ತಿ ಕೂರಿಸಿದ ನಮೂನೆ ಕೇಳಿ.

ವಿಂಡೋಸ್ ಹೊಸದಾಗಿ ಹಾಕುವುದೇ ಒಳ್ಳೆಯದು. ಹಳೇ ಕಸವನ್ನೆಲ್ಲ ಕ್ಲೋನ್ (ಇದ್ದ ಹಾಗೇ ನಕಲು) ಮಾಡಿ ಹೊಸ ಡ್ರೈವ್‌ಗೆ ಸಾಗಿಸುವುದು ಯಾಕೆ? ಆದರೆ ಅದಕ್ಕೆ ಮುಂಚೆ ಸಿ ಡ್ರೈವ್‌ನಲ್ಲಿರುವುದನ್ನು ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಡಿಸ್ಕ್‌ಗೋ ಹಾಕಿಕೊಳ್ಳಿ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಕೂಡ ಸಿ ಡ್ರೈವ್‌ನಲ್ಲೇ ಇರುವುದು, ಇದು ಎಷ್ಟೋ ಜನರಿಗೆ ತಲೆಗೆ ಹೋಗುವುದಿಲ್ಲ. ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಹಳೇ ಪತ್ರ, ಲಗ್ನಪತ್ರಿಕೆ ಇದ್ದರೆ ಆ ಫಾಂಟ್‌ಗಳನ್ನೂ ಎತ್ತಿಟ್ಟುಕೊಳ್ಳಿ. ಅವು ಯುನಿಕೋಡ್‌ನಲ್ಲಿ ಇಲ್ಲದಿದ್ದರೆ, ಫಾಂಟ್ ಇಲ್ಲದ ಮಷಿನ್‌ನಲ್ಲಿ ಅಕ್ಷರದ ಬದಲು ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಟ್ಯಾಲಿ ಇಟ್ಟುಕೊಂಡವರು ಡೇಟಾ ಫೋಲ್ಡರ್ ಬ್ಯಾಕಪ್ ತೆಗೆದು, ಲೈಸೆನ್ಸ್ ಸರೆಂಡರ್ ಮಾಡಿ ಆಮೇಲೆ ಮುಂದುವರಿಯಬೇಕು.

ಇನ್ಸ್ಟಾಲ್ ಮಾಡುವಾಗ ಅಂಗಡಿಯವರಿಗೆ ಒಂದು ಮಾತು ಒತ್ತಿ ಹೇಳಿ: ಹಳೇ ಹಾರ್ಡ್‌ಡಿಸ್ಕ್‌ನ ಕೇಬಲ್ ಕಿತ್ತಿಟ್ಟು, ಎಸ್‌ಎಸ್‌ಡಿ ಒಂದನ್ನೇ ಬಿಟ್ಟು ವಿಂಡೋಸ್ ಹಾಕಬೇಕು. ಎರಡೂ ಇದ್ದರೆ ವಿಂಡೋಸ್ ತನ್ನ ಬೂಟ್ ಫೈಲ್‌ಗಳನ್ನು ಹಳೇ ಡಿಸ್ಕ್ ಮೇಲೇ ಬರೆದುಬಿಡಬಹುದು. ಆಗ ಎಲ್ಲ ಸರಿಯಾಗೇ ಇದೆ ಅನ್ನಿಸುತ್ತದೆ, ಎರಡು ವರ್ಷ ಬಿಟ್ಟು ಹಳೇ ಡಿಸ್ಕ್ ಸತ್ತ ದಿನ ಎಸ್‌ಎಸ್‌ಡಿ ಚೆನ್ನಾಗಿದ್ದರೂ ಕಂಪ್ಯೂಟರ್ ಏಳುವುದಿಲ್ಲ. ಬಯಾಸ್‌ನಲ್ಲಿ ಸಾಟಾ ಮೋಡ್ (ಬೋರ್ಡ್ ಡ್ರೈವ್ ಜೊತೆ ಮಾತಾಡುವ ರೀತಿ) ಎಎಚ್‌ಸಿಐ ಇರಲಿ, ಅದನ್ನೂ ವಿಂಡೋಸ್ ಹಾಕುವ ಮೊದಲೇ ನೋಡಬೇಕು. ಅಸಲಿ ವಿಂಡೋಸ್ 10 ಆಕ್ಟಿವೇಟ್ ಆಗಿದ್ದರೆ ಅದರ ಡಿಜಿಟಲ್ ಲೈಸೆನ್ಸ್‌ಗೆ ಮುಖ್ಯವಾಗಿ ಬೇಕಾಗಿರುವುದು ಮದರ್‌ಬೋರ್ಡ್, ಡಿಸ್ಕ್ ಬದಲಾದರೆ ತೊಂದರೆ ಇಲ್ಲ. ಇನ್ಸ್ಟಾಲ್ ಆಗುವಾಗ ಕೀ ಕೇಳಿದರೆ ಸ್ಕಿಪ್ ಮಾಡಿ, ಅದೇ ಎಡಿಶನ್ ಆರಿಸಿ, ಇಂಟರ್‌ನೆಟ್ ಸಿಕ್ಕಿದ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ.

ಡೀಫ್ರ್ಯಾಗ್ ಮಾಡುವ, ಅಂದರೆ ಚೆಲ್ಲಿದ ಫೈಲ್ ತುಂಡುಗಳನ್ನು ಒಟ್ಟಿಗೆ ಸೇರಿಸುವ, ಹಳೇ ಸಾಫ್ಟ್‌ವೇರ್ ಏನೂ ಬೇಡ. ಎಸ್‌ಎಸ್‌ಡಿಗೆ ಬೇಕಾದ ಟ್ರಿಮ್ (ಅಳಿಸಿದ ಜಾಗ ಯಾವುದು ಅಂತ ಡ್ರೈವ್‌ಗೆ ತಿಳಿಸುವ ಕೆಲಸ) ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ.

ರ‍್ಯಾಮ್ 4 ಜಿಬಿ ಇದೆ ಅಂದಿರಿ. ಇದು ನನಗೆ ಸ್ವಲ್ಪ ಚಿಂತೆ. ಈಗಿನ ಬ್ರೌಸರ್‌ಗೆ ನಾಲ್ಕೈದು ಟ್ಯಾಬ್ ಕೊಟ್ಟರೆ 4 ಜಿಬಿ ಮುಗಿಯುತ್ತದೆ, ಮಿಕ್ಕಿದ್ದನ್ನು ವಿಂಡೋಸ್ ಡಿಸ್ಕ್‌ಗೆ ಬರೆಯುತ್ತಾ ಹೋಗುತ್ತದೆ. ಎಸ್‌ಎಸ್‌ಡಿ ಇದ್ದರೆ ಆ ನೋವು ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನೊಂದು 4 ಜಿಬಿ ಡಿಡಿಆರ್3 ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕರೆ ಜೊತೆಗೇ ಹಾಕಿಸಿ. ಒಂದಕ್ಕೇ ದುಡ್ಡಿದೆ ಅಂದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್.

ಕೊನೆಗೆ, ಅಂಗಡಿಯವರು ಹೇಳದ ವಿಷಯ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಅಥವಾ ಅದರ ನಂತರದ್ದು ಮತ್ತು ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು, ನಿಮ್ಮ ನಾಲ್ಕನೇ ಜನರೇಶನ್ ಅಧಿಕೃತವಾಗಿ ಪಾಸಾಗುವುದಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ, ಮುಂದಿನ ಅಪ್‌ಡೇಟ್‌ಗಳ ಜವಾಬ್ದಾರಿ ಅವರದ್ದಲ್ಲ. ಬ್ಯಾಂಕ್ ಕೆಲಸ, ಆಫೀಸ್ ಕೆಲಸ ಇದರಲ್ಲೇ ಮಾಡುವುದಾದರೆ ಎಂಟನೇ ಜನರೇಶನ್‌ನ ಒಂದು ಸೆಕೆಂಡ್‌ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ಹುಡುಕುವುದು ನನ್ನ ಪ್ರಕಾರ ಮೇಲು. ಮಕ್ಕಳ ಓದು, ಯೂಟ್ಯೂಬ್, ಕನ್ನಡ ಟೈಪಿಂಗ್, ಪ್ರಿಂಟ್ ಇಷ್ಟೇ ಆದರೆ ಈ ಎಸ್‌ಎಸ್‌ಡಿ ಮೇಲೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಹಾಕುವ ಆಪರೇಟಿಂಗ್ ಸಿಸ್ಟಂ) ಹಾಕಿಸಿ ನೋಡಿ. ದುಡ್ಡು ಕೊಡಬೇಕಾಗಿಲ್ಲ, ಅಪ್‌ಡೇಟ್ ಬರುತ್ತಿರುತ್ತದೆ, ಕಗಪ ಕೀಬೋರ್ಡ್ ವಿನ್ಯಾಸವೂ ಅದರಲ್ಲಿದೆ. ಪ್ರಿಂಟರ್ ಮಾತ್ರ ಅದರಲ್ಲಿ ನಡೆಯುತ್ತದಾ ಅಂತ ಮೊದಲೇ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಪರೀಕ್ಷಿಸಿ. ಮುಂದೆ ಬೇರೆ ಮಷಿನ್ ತಗೊಂಡರೂ ಈ ಡ್ರೈವ್ ವ್ಯರ್ಥ ಆಗುವುದಿಲ್ಲ, ಈಗಿನ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲೂ ಸಾಟಾ ಪೋರ್ಟ್ ಬರುತ್ತಿದೆ, ಬಿಚ್ಚಿ ಅದಕ್ಕೆ ಹಾಕಿಕೊಳ್ಳಿ.