ಟಿವಿ ಹೆಂಗಸು ಯಾವಾಗ ಮನೆಯೊಳಗೇ ಕೂತುಬಿಟ್ಲು?

ಜನವರಿಲಿ ಕೊಡಗಿನ ಸಿದ್ದಾಪುರದ ಕಡೆ ಯಾವ ತೋಟಕ್ಕಾದ್ರೂ ಹೋಗಿ, ಕಾಫಿ ಕುಯ್ಯೋ ಹೆಂಗಸ್ರ ಬಾಯಲ್ಲಿ ಹಿಂದಿನ ರಾತ್ರಿಯ ಸೀರಿಯಲ್ ಕತೆನೇ. "ಅವ್ಳಿಗೆ ಬೇರೆ ಕೆಲ್ಸ ಇಲ್ವಾ ಮಾರಾಯ್ತಿ, ದಿನಾ ರೇಷ್ಮೆ ಸೀರೆ ಉಟ್ಕೊಂಡು ಸೊಸೆ ಹಾಲಿಗೆ ಏನಾದ್ರೂ ಬೆರೆಸೋದೇ" ಅಂತ ಬೈತಾ ಬೈತಾನೇ ಚೀಲ ತುಂಬಿರುತ್ತೆ.

ಈ ಅತ್ತೆ ಮೊದ್ಲಿಂದ ಇದ್ದೋಳಲ್ಲ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ, ನಮ್ಮ ಬೆಟ್ಟದ ಕಡೆ ಆಂಟೆನಾ ತಿರುಗ್ಸೋಕೆ ಒಬ್ರು ಹೊರಗೆ, "ಬಂತು ಬಂತು, ಅಯ್ಯೋ ಹೋಯ್ತು" ಅನ್ನೋಕೆ ಒಬ್ರು ಒಳಗೆ. ಆ ಚುಕ್ಕೆ ಚುಕ್ಕೆ ಪರದೆ ಮೇಲೆ ಬಂದೋಳು 1985ರ ಹಿಂದಿ ಸೀರಿಯಲ್‌ನ ರಜನಿ, ಆ ಪಾತ್ರ ಮಾಡಿದ್ದು ಪ್ರಿಯಾ ತೆಂಡೂಲ್ಕರ್. ಗ್ಯಾಸ್ ಸಿಲಿಂಡರ್ ವಿಷ್ಯಕ್ಕೂ ಬೀದಿಗಿಳಿದು ಜಗಳ ಆಡೋ ಗೃಹಿಣಿ. 1989ರಲ್ಲಿ ಉಡಾನ್, ಪೊಲೀಸ್ ಆಫೀಸರ್ ಆಗೋ ಹುಡುಗಿ ಕತೆ. ಅದನ್ನ ಬರೆದು, ಡೈರೆಕ್ಟ್ ಮಾಡಿ, ನಟಿಸಿದ್ದೂ ಕವಿತಾ ಚೌಧರಿನೇ, ಕತೆಗೆ ಸ್ಫೂರ್ತಿ ಅವ್ರ ಸ್ವಂತ ಅಕ್ಕ, ಐಪಿಎಸ್ ಆಫೀಸರ್ ಕಾಂಚನ್.

ಹಂಗಂತ ಆ ಕಾಲ ಚಿನ್ನ ಅಂತ ಹೇಳ್ತಿಲ್ಲ. 1984ರ ಹಮ್ ಲೋಗ್ ಸೀರಿಯಲ್‌ನಲ್ಲಿ ಎಲ್ಲಾ ಸಹಿಸ್ಕೊಳ್ಳೋ ತಾಯಿ ಭಾಗವಂತಿನ ನೋಡಿ ಜನ ಹಿಂಗಿರ್ಬಾರ್ದು ಅಂದ್ಕೊಳ್ಲಿ ಅಂತ ಬರೆದ್ರೆ, ಎಷ್ಟೋ ಜನ ಹೆಂಗಸು ಅಂದ್ರೆ ಹಿಂಗಿರ್ಬೇಕು ಅಂದ್ಕೊಂಡ್ರು! ಸರ್ಕಾರ ನೇಮಿಸಿದ್ದ ಪಿ.ಸಿ. ಜೋಶಿ ಕಮಿಟಿನೂ ದೂರದರ್ಶನದಲ್ಲಿ ಹೆಂಗಸ್ರನ್ನ ತೋರ್ಸೋ ರೀತಿ ಸರಿಯಿಲ್ಲ, ದುಡಿಯೋರನ್ನಾಗಿ ತೋರ್ಸಿ ಅಂತ ಆಗ್ಲೇ ಹೇಳಿತ್ತು.

ಬದಲಾಗಿದ್ದು ಯಾವಾಗ ಅಂದ್ರೆ, ನನ್ನ ಲೆಕ್ಕದಲ್ಲಿ, ವಾರಕ್ಕೊಂದ್ಸಲ ಬರ್ತಿದ್ದ ಸೀರಿಯಲ್ ದಿನಾ ಬರೋಕೆ ಶುರುವಾದಾಗ. ಉದಯ ಟಿವಿ 1994, ಈಟಿವಿ ಕನ್ನಡ 2000, ಅದೇ ವರ್ಷ ಜುಲೈಲಿ ಹಿಂದಿಲಿ ಕ್ಯೂಂಕಿ ಸಾಸ್ ಭಿ ಕಭಿ ಬಹು ಥಿ ಶುರುವಾಗಿ 2008ರವರೆಗೆ 1,800ಕ್ಕೂ ಜಾಸ್ತಿ ಎಪಿಸೋಡ್ ಓಡ್ತು. ದಿನಾ ಅರ್ಧ ಗಂಟೆ ತುಂಬಿಸ್ಬೇಕು, ಹೊರಗೆ ಶೂಟಿಂಗ್ ಮಾಡೋಕೆ ದುಡ್ಡು ಜಾಸ್ತಿ ಟೈಮೂ ಇಲ್ಲ, ಸೆಟ್ ಹಾಕಿದ ಒಂದು ಹಾಲ್, ಒಂದು ಅಡಿಗೆಮನೆ, ಒಂದು ಮೆಟ್ಟಿಲು ಸಾಕು, ಜಗಳ ಹೊರಗಿಂದ ಬರೋಕೆ ಆಗದೇ ಇದ್ರೆ ಒಳಗಿಂದ್ಲೇ ಹುಟ್ಟಬೇಕಲ್ಲ, ಅತ್ತೆ-ಸೊಸೆ-ನಾದಿನಿ ಎದುರಾಬದುರಾ ನಿಂತ್ರು, ಒಬ್ಬೊಬ್ಬರ ಮುಖಕ್ಕೂ ಮೂರು ಸಲ ಕ್ಲೋಸಪ್ಪು, ಸೀನ್ ಒಂದು ಇಂಚೂ ಮುಂದೆ ಹೋಗಲ್ಲ. ನಡುವೆ ಪಾತ್ರೆ ತೊಳೆಯೋ ಸೋಪಿನ ಜಾಹೀರಾತು.

ಕಾನೂನೂ ಇದೆ. 1986ರ ಕಾಯ್ದೆ ಹೆಂಗಸ್ರನ್ನ ಅಸಭ್ಯವಾಗಿ ತೋರ್ಸೋದ್ರ ಬಗ್ಗೆ, 1995ರ ಕೇಬಲ್ ಕಾಯ್ದೆ ಜೊತೆಗಿರೋ ಪ್ರೋಗ್ರಾಂ ಕೋಡ್‌ನಲ್ಲೂ ಹೆಣ್ಣನ್ನ ಕೀಳಾಗಿ ತೋರ್ಸಬಾರ್ದು ಅಂತಿದೆ. ಆದ್ರೆ ಮೈತುಂಬಾ ಸೀರೆ ಉಟ್ಟು ವಿಷ ಬೆರೆಸೋಳು ಯಾವ ಕಲಮಿಗೆ ಸಿಗ್ತಾಳೆ ಹೇಳಿ.

ನಮ್ಮೂರಿನ ಹೆಂಗಸ್ರು ಟಿವಿಲಿ ಕಾಣೋದೇ ಎರಡು ಥರ. ಒಂದು, ಹಿಂದಕ್ಕೆ ನೆರಿಗೆ ಬಿಟ್ಟ ಕೊಡಗಿನ ಸೀರೆ ಉಟ್ಕೊಂಡು ಡ್ಯಾನ್ಸು. ಇನ್ನೊಂದು, ಅಳೋ ಮುಖ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಬೆಟ್ಟ ಕುಸಿದಾಗ ಪರಿಹಾರ ಕೇಂದ್ರದಲ್ಲಿ ಕೂತಿದ್ದ ಅಜ್ಜಿ ಮುಂದೆ ಮೈಕ್ ಹಿಡಿದು, ಅವ್ರು ಅತ್ತಿದ್ದನ್ನ ಮ್ಯೂಸಿಕ್ ಹಾಕಿ ದಿನವಿಡೀ ತಿರುಗಿಸಿದ್ರು. ಮನೆ ಎಷ್ಟು ಹೋಯ್ತು, ತೋಟ ಯಾರ ಹೆಸರಲ್ಲಿತ್ತು, ಯಾರೂ ಕೇಳ್ಲಿಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ತೋಟಕ್ಕೆ ಒಂದು ಸೀರಿಯಲ್ ತಂಡ ಬಂದಿತ್ತು, ಹೀರೋ ಪ್ಲಾಂಟರ್ ಅಂತೆ. ಹಿಂದೆ ಕಾಫಿ ಕುಯ್ಯೋರು ಬೇಕು ಅಂತ ಲೈನ್‌ಮನೆ, ಅಂದ್ರೆ ತೋಟದ ಕೆಲಸದೋರ ಸಾಲುಮನೆಯ, ಹೆಂಗಸ್ರನ್ನ ಕರೆಸಿದ್ರು. ಇವ್ರೆಲ್ಲ ದಿನಾ ಬರೋ ಹಾಗೇ ಬಂದ್ರು, ಸೀರೆ ಮೇಲೆ ಗಂಡಂದು ಹಳೇ ಫುಲ್ ತೋಳಿನ ಶರ್ಟು, ತಲೆಗೆ ಟವೆಲ್ಲು. ತಂಡದ ಹುಡುಗ ಒಬ್ಬ ಓಡ್ಬಂದು "ಅಕ್ಕಾ, ಆ ಶರ್ಟ್ ತೆಗೆದುಬಿಡಿ, ಫ್ರೇಮ್‌ಗೆ ಚೆನ್ನಾಗಿ ಕಾಣಲ್ಲ" ಅಂದ.

"ಗಿಡ ಅಲ್ಲಾಡಿಸಿದ್ರೆ ಕೆಂಪಿರುವೆ ಮೈ ಮೇಲೆ ಸುರಿಯುತ್ತಪ್ಪ, ನೀನು ಬಂದು ಒರೆಸ್ತೀಯಾ?" ಅಂದ್ರು ಅವ್ರು, ಶರ್ಟ್ ತೆಗೀಲೇ ಇಲ್ಲ. ಕೊನೆಗೆ ಆ ಶಾಟ್‌ನ ಬರೀ ಗಿಡಗಳನ್ನ ಇಟ್ಕೊಂಡು ತೆಗೆದ್ರು.